ಅತ್ತೆಯ ಕೈಗುಣ

“ನಿಮ್ಮ ಕ್ರೀಮಲ್ಲಿ ಕ್ರಿಮಿ ಇದೆ” ಎಂದು ಲ್ಯಾಬಿನವನು ಫೋನಿನಲ್ಲಿ ಹೇಳಿದಾಗ, ಪಾಪ, ಅವನ ನಾಲಿಗೆ ತೊಡರಿತು ಎಂದೇ ಸೊಸೆ ತಿಳಿದಳು. ಅವನು ಎರಡನೇ ಸಲ ಬಿಡಿಸಿ ಹೇಳಿದ. ಅವಳು ಅಲ್ಲೇ ಇದ್ದ ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಪೆಟ್ಟಿಗೆ ಕುಸಿದು ನೆಲ ಸೇರಿತು. ಏಳಬೇಕೆಂದೂ ಅವಳಿಗೆ ತೋಚಲಿಲ್ಲ.

ಮುಖಕ್ಕೆ ಹಚ್ಚುವ ಈ ಕ್ರೀಮು ಕಡಲಾಚೆಯ ಅಂಗಡಿಯವರಿಗೆ ಹಿಡಿಸಿತ್ತು. ಆದರೆ ಆ ದೇಶದ ಕಾಯಿದೆಯೋ, ಅತ್ತೆಗೂ ಅತ್ತೆಯಂಥದ್ದು. ಒಳಗಿನ ಒಂದೊಂದು ಪದಾರ್ಥದ ಹೆಸರೂ ಡಬ್ಬಿಯ ಮೇಲಿರಲಿ ಎಂದಿತು; ಬರೆಸಿದರು. ‘ಮೊಡವೆ ವಾಸಿಯಾಗುತ್ತದೆ’ ಎಂದರೆ ಅದು ಔಷಧಿಯ ಲೆಕ್ಕ, ತೆಗೆಯಿರಿ ಎಂದಿತು, ತೆಗೆದರು. ಉಳಿದದ್ದು ಕ್ರಿಮಿಯ ಪರೀಕ್ಷೆಯೊಂದೇ.

“ನೀರಿಂದ ಬಂದಿರಬೇಕು, ಅಲ್ವಾ?” ಎಂದಳು ಸೊಸೆ.

“ನೀರಿಂದ ಬರೋ ಜಾತಿ ಅಲ್ಲ ಮೇಡಂ. ಕೀವು ಕಟ್ಟಿದ ಗಾಯದಲ್ಲಿ ಇರುತ್ತಲ್ಲ, ಅದು. ಯಾರದೋ ಕೈ ಬಿದ್ದಿದೆ. ಅವರನ್ನ ಹುಡುಕಿ ಕೆಲಸದಿಂದ ದೂರ ಇಡಿ. ಇಲ್ಲಾಂದ್ರೆ ನಿಮ್ಮ ಸರಕು ಹಡಗು ಹತ್ತಲ್ಲ.”

ಮನೆಯ ಹಿಂದಿನ ಎರಡು ಕೋಣೆಗಳೇ ಅವರ ಕಾರ್ಖಾನೆ. ಒಂದರಲ್ಲಿ ಒಲೆ, ಹಂಡೆ; ಇನ್ನೊಂದರಲ್ಲಿ ಡಬ್ಬಿ ತುಂಬುವ ಮೇಜು. ಅಳತೆ, ಹದ ಎಲ್ಲ ಅತ್ತೆಯದು. ಸೌಟು ತಿರುಗಿಸುವುದು ಸೊಸೆ. ತುಂಬುವುದು ಬಾಯಿಗೆ ಬೀಗವಿಲ್ಲದ ಒಬ್ಬ ಕೆಲಸದವಳು. ಅವಳಿಗೆ ರೇಡಿಯೊ ಎಂದೇ ಹೆಸರು. ಮೂವರಿಗೂ ಗ್ಲೌಸು ಕಡ್ಡಾಯ. ಸೊಸೆ ಕೆಲಸದವಳ ಗ್ಲೌಸು ಕಳಚಿಸಿ, ಕೈ ತಿರುವಿ ಮುರುವಿ, ಉಗುರಿನ ಸಂದನ್ನೂ ಬಿಡದೆ ನೋಡಿದಳು.

“ಭವಿಷ್ಯ ಹೇಳ್ತೀರೇನಕ್ಕ? ಎರಡನೇ ಗಂಡ ಇದ್ದಾನಾ ನೋಡಿ. ಮೊದಲನೆಯವನಂತೂ ಉಪಯೋಗಕ್ಕೆ ಬರಲ್ಲ.”

ಸೊಸೆ ವಿಷಯ ಹೇಳಿದಳು. ರೇಡಿಯೊ ಕಿಸಕ್ಕನೆ ನಕ್ಕಳು. “ಒಳ್ಳೇದೇ ಆಯ್ತಲ್ಲ. ಜೀವಂತ ಕ್ರೀಮು ಅಂತ ಡಬ್ಬಿ ಮೇಲೆ ಬರೆಸಿ.”

“ಅತ್ತೆ ಕಿವಿಗೆ ಬಿತ್ತೋ, ನಿನ್ನ ಸ್ಟೇಷನ್ ಬಂದ್ ಮಾಡಿಸ್ತೀನಿ.”

ಅತ್ತೆಯ ಕೈ ನೋಡಬೇಕೆಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಬೀದಿಗೆ ಬೀದಿಯೇ ಕೊಂಡಾಡಿದ ಕೈಗುಣ ಅದು. ಅತ್ತೆ ಬೆರಳಲ್ಲಿ ಒಂದು ತೊಟ್ಟು ಉಜ್ಜಿ ನೋಡಿ ‘ಹದ ಬಂತು’ ಅಂದರೆ ಒಲೆ ಆರಿಸಬೇಕು, ಎರಡನೇ ಮಾತಿಲ್ಲ.

ಮರುದಿನ ಕ್ರೀಮನ್ನು ತಣಿಯಲು ಬಿಟ್ಟು ಎಲ್ಲರೂ ಚಹಾಕ್ಕೆ ಎದ್ದರು. ಕೀಲಿಕೈ ಮರೆತು ತಿರುಗಿ ಬಂದ ಸೊಸೆ ಬಾಗಿಲಲ್ಲೇ ಕಲ್ಲಾದಳು. ಅತ್ತೆ ಒಳಗೇ ಇದ್ದರು. ಬಲಗೈಯ ಗ್ಲೌಸು ಕಳಚಿ, ಕಣ್ಣು ಮುಚ್ಚಿ, ಮಣಿಕಟ್ಟಿನವರೆಗೆ ಕೈಯನ್ನು ಹಂಡೆಯೊಳಗೆ ಇಳಿಸಿದ್ದರು.

“ಅತ್ತೆ!”

ಅತ್ತೆ ಬೆಚ್ಚಿ ಕೈ ಎಳೆದುಕೊಂಡರು. ಸೊಸೆ ಅದನ್ನು ಹಿಡಿದು ಒರೆಸಿದಳು. ನಡುಬೆರಳಿನ ತುದಿ ಊದಿ ಕಪ್ಪಿಟ್ಟಿತ್ತು. ಹಳದಿ ಕೀವಿನ ನಡುವೆ ಏನೋ ಮಿನುಗಿತು. ಪಾತ್ರೆ ಉಜ್ಜುವ ಸ್ಟೀಲ್ ನಾರಿನ ಎಳೆ. ಉಗುರಿನಿಂದ ಹಿಡಿದು ಎಳೆದಳು. ಬಂತು, ಬಂತು, ಬರುತ್ತಲೇ ಇತ್ತು. ಅತ್ತೆ ಹುಬ್ಬು ಕೂಡ ಅಲುಗಿಸಲಿಲ್ಲ.

“ನೋವಾಗ್ಲಿಲ್ವಾ?”

“ಏನೇ ಅದು?” ಅತ್ತೆ ಬೇರೆ ಯಾರದೋ ಬೆರಳನ್ನು ನೋಡುವಂತೆ ಬಗ್ಗಿ ನೋಡಿದರು. “ಯಾವಾಗ ಹೊಕ್ಕಿತೋ. ಹೋದ ಚಳಿಗಾಲದಿಂದ ಈ ಕೈ ಮರದ ಕೊರಡು ಕಣೇ.”

ಎಳೆಯನ್ನು ಹಿಡಿದೇ ಸೊಸೆ ಕೇಳಿದಳು: “ಮತ್ತೆ, ಹದ ಬಂತು ಅಂತ ಹೇಗೆ ಹೇಳ್ತಿದ್ರಿ?”

“ನಿನ್ನ ಮುಖ ನೋಡಿ. ಸೌಟು ಬಿಗಿಯಾದಾಗ ನೀನು ಕೆಳತುಟಿ ಕಚ್ತೀಯ. ಆಗ ಅಂತಿದ್ದೆ.”

ಸೊಸೆ ಗೋಡೆಗೆ ಒರಗಿದಳು. ಅತ್ತೆಯ ಮಾತು ನಂಬಿ ಅವಳು. ಅವಳ ತುಟಿ ನಂಬಿ ಅತ್ತೆ!

“ಗೊತ್ತೇ ಆಗಲ್ಲ ಅಂದ್ಮೇಲೆ ಕೈ ಯಾಕೆ ಹಾಕ್ತಿದ್ರಿ?”

“ಒಂದಿನ ಗೊತ್ತಾಗಬಹುದು ಅಂತ.”

ಲ್ಯಾಬಿನವನು ಹೇಳಿದ್ದನ್ನು ಮುಚ್ಚಿಡುವ ಹಾಗಿರಲಿಲ್ಲ. ಸೊಸೆ ಹೇಳಿದಳು. ಅತ್ತೆ ಕಳಚಿಟ್ಟ ಗ್ಲೌಸನ್ನು ಎತ್ತಿ ಮಡಚಿದರು. “ಹಾಗಾದ್ರೆ ಹಡಗು ಹತ್ತದ ಸಾಮಾನು ನಾನೇ ಅನ್ನು.”

ಅಷ್ಟರಲ್ಲಿ ರೇಡಿಯೊ ಬಂದಳು. ಬೆರಳು ಕಂಡವಳೇ ಕೈಲಿದ್ದ ಚಹಾದ ಲೋಟವನ್ನು ಅಲ್ಲೇ ಕೆಳಗಿಟ್ಟಳು.

“ಅಂಗಡಿಗಳಿಗೆ ಹೋಗಿರೋ ಡಬ್ಬಿ ಎಲ್ಲಾ ವಾಪಸ್ ತರಿಸು,” ಎಂದಳು ಸೊಸೆ.

“ಅಕ್ಕ, ಅವು ನಮ್ಮೂರಿಗೆ ಹೋಗಿರೋವು. ಇಲ್ಲಿ ಯಾರು ಕೇಳ್ತಾರೆ?”

“ನಮ್ಮೂರಿನವರದ್ದು ಮುಖ ಅಲ್ವಾ?”

ಆಸ್ಪತ್ರೆಗೆ ಹೊರಟ ಟ್ಯಾಕ್ಸಿಯಲ್ಲಿ ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಕೇಳಿದರು: “ನನ್ನ ಕೈ ಹಿಡ್ಕೊಂಡಿದ್ದೀಯೇನೇ?”

ಹೊರಟಾಗಿನಿಂದ ಸೊಸೆ ಆ ಅಂಗೈಯನ್ನು ಗಟ್ಟಿಯಾಗಿ ಹಿಡಿದೇ ಇದ್ದಳು. ಬಿಟ್ಟು ಮಣಿಕಟ್ಟು ಹಿಡಿದಳು. “ಈಗ?”

“ಇಲ್ಲ.”

ಇನ್ನೂ ಮೇಲೆ ಒತ್ತಿದಳು. “ಈಗ?”

ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಸೊಸೆಯ ಬೆರಳುಗಳು ಮೊಣಕೈ ಮುಟ್ಟಿದಾಗ, “ಹಾಂ, ಈಗ ಬಂದೆ ನೋಡು,” ಎಂದರು.