ಅಕ್ಕಿ ಡಬ್ಬದ ಹಿಂದಿನ ಉಪ್ಪಿನ ಭರಣಿ

ನಾನೊಂದು ಉಪ್ಪಿನ ಭರಣಿ. ಖಾನಾಪುರದ ಭಟ್ಟಿಯಲ್ಲಿ ಬೆಂದು ಹೊರಬಂದಾಗ ಮೈಯೆಲ್ಲ ಹೊಳಪು, ಕತ್ತಿನವರೆಗೆ ಕಂದು ಬಣ್ಣ. ಸಂತೆಯಿಂದ ನೀಲವ್ವನ ತವರು ಸೇರಿ, ಹೊಟ್ಟೆ ತುಂಬ ಮಾವಿನ ಉಪ್ಪಿನಕಾಯಿ ಇಟ್ಟುಕೊಂಡು ಹಾಯಾಗಿದ್ದೆ. ಮದುವೆಯಾದ ಮೇಲೆ ಅವಳು ನನ್ನನ್ನೂ ಗದಗಿಗೆ ತಂದಳು. ಉಪ್ಪಿನಕಾಯಿ ಮುಗಿದಾಗ ಉಪ್ಪು ತುಂಬಿದಳು. ಒಲೆಯ ಪಕ್ಕವೇ ನನ್ನ ಜಾಗ ಅಂದುಕೊಂಡಿದ್ದೆ. ಆ ನೆಮ್ಮದಿ ಉಳಿಯಲಿಲ್ಲ.

ನೀಲವ್ವನ ಗಂಡ ಮಹಾಂತಪ್ಪನವರು ಪಿ.ಟಿ. ಮಾಸ್ತರರು. ನಿವೃತ್ತರಾದ ಮೇಲೆ ಇಡೀ ಓಣಿಗೇ ಮಾಸ್ತರರಾದರು. ನಸುಕಿನಲ್ಲಿ ಬಿಸಿನೀರು, ಆಮೇಲೆ ನಡಿಗೆ, ಬಂದು ಮೊಳಕೆ ಬಂದ ಹೆಸರುಕಾಳು, ದೀಪ ಹಚ್ಚುವ ಹೊತ್ತಿಗೇ ರಾತ್ರಿಯೂಟ. "ನೂರ ವರ್ಷ ಬದುಕೂದು ನಮ್ಮ ಕೈಯಾಗ ಐತಿ" ಎಂದು ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ಆ ಕೈ ಯಾರದೆಂದು ನನ್ನನ್ನು ಕೇಳಬೇಕಿತ್ತು. ನೀರು ಕಾಯಿಸುವವಳು, ಕಾಳು ನೆನೆಹಾಕುವವಳು ನೀಲವ್ವ.

ಒಮ್ಮೆ ಡಾಕ್ಟರು ಮಾಸ್ತರರಿಗೆ ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಎಂದರು. ಅಂದಿನಿಂದ ಶುರುವಾಯಿತು ನನ್ನ ಅಲೆದಾಟ. ಊರಿಗೆಲ್ಲ ಶಿಸ್ತು ಹೇಳುವವರ ನಾಲಿಗೆಗೆ ಶಿಸ್ತಿರಲಿಲ್ಲ. ನೀಲವ್ವ ಹಿತ್ತಲಿಗೆ ಹೋದರೆ ಸಾಕು, ಅಡುಗೆಮನೆಗೆ ಬಂದು ನನ್ನನ್ನು ತಡಕಾಡುತ್ತಿದ್ದರು. ಅವಳು ಇಂದು ಜೋಳದ ಚೀಲದ ಸಂದಿ, ನಾಳೆ ಕಟ್ಟಿಗೆಯ ಮೂಲೆ, ಕೊನೆಗೆ ಅಕ್ಕಿ ಡಬ್ಬದ ಹಿಂದೆ ಎಂದು ನನ್ನನ್ನು ಬಚ್ಚಿಟ್ಟಳು. ನನಗಂತೂ ತಲೆ ಕೆಟ್ಟುಹೋಯಿತು.

ಅಕ್ಕಿ ಡಬ್ಬದ ಹಿಂದಿನಿಂದ ನೀಲವ್ವನ ಊಟ ಕಾಣುತ್ತಿತ್ತು. ಮಾಸ್ತರರು ಮಧ್ಯಾಹ್ನ ಉಂಡು ಮಲಗಿದ ಮೇಲೆ ಪಾತ್ರೆ ತೊಳೆದು, ಬಟ್ಟೆ ಒಗೆದು ಅವಳು ತಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಬಿಸಿಲು ಇಳಿದಿರುತ್ತಿತ್ತು. ಆರಿದ ಸಪ್ಪೆ ಪಲ್ಯ ಗಂಟಲಿಗಿಳಿಯದೆ, ನನ್ನೊಳಗೆ ಕೈ ಹಾಕಿ ಉಪ್ಪು ತೆಗೆದು ಸುರಿದುಕೊಳ್ಳುತ್ತಿದ್ದಳು. ಮಜ್ಜಿಗೆಗೂ ಹಾಗೆಯೇ. ಪಾದಗಳು ಊದಿಕೊಂಡಿದ್ದವು. ತಲೆನೋವೆಂದು ಹಣೆಗೆ ಬಟ್ಟೆ ಬಿಗಿದುಕೊಂಡೇ ರೊಟ್ಟಿ ಬಡಿಯುತ್ತಿದ್ದಳು. ಏಳುವಾಗ ಗೋಡೆ ಹಿಡಿಯುತ್ತಿದ್ದಳು. ಯಾರಾದರೂ ಒಳಗೆ ಬಂದು ನೋಡಬಾರದೇ ಎಂದು ನನ್ನ ಜೀವ ತಳಮಳಿಸುತ್ತಿತ್ತು.

ಮಾಸ್ತರರ ಬಿ.ಪಿ. ನೋಡಲು ಆರೋಗ್ಯ ಕೇಂದ್ರದ ಸಿಸ್ಟರ್ ಮೆಹರುನ್ನಿಸಾ ಆಗಾಗ ಬರುತ್ತಿದ್ದಳು. ಒಂದು ದಿನ ನೀಲವ್ವ ಗೋಡೆ ಹಿಡಿದು ಚಹಾ ತಂದದ್ದನ್ನು ಕಂಡು, ಅವಳನ್ನೂ ಕೂರಿಸಿದಳು.

"ನನಗೇನ ಧಾಡಿ ಆಗೇತ್ರಿ" ಎನ್ನುತ್ತಲೇ ನೀಲವ್ವ ಕೈ ಚಾಚಿದಳು.

ಸಿಸ್ಟರ್ ಪಟ್ಟಿ ಸುತ್ತಿ ನೋಡಿದಳು. ಬಿಚ್ಚಿ, ಮತ್ತೆ ಸುತ್ತಿ ನೋಡಿದಳು.

"ಈಗಿಂದೀಗ ದವಾಖಾನಿಗೆ ಕರಕೊಂಡ ಹೋಗ್ರಿ ಮಾಸ್ತರ. ಇಷ್ಟ ಏರಿದ್ರ ಲಕ್ವಾ ಹೊಡೀತೈತಿ. ಅವ್ವಾರು ಏನ ಉಣ್ತಾರ?"

"ನಾ ಉಣ್ಣೂದನ್ನ ಉಣ್ತಾಳ. ಸಪ್ಪಂದು."

"ನೀವ ನೋಡೀರೇನು?"

ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಉಣ್ಣುವುದನ್ನು ಮಾಸ್ತರರು ನೋಡಿರಲೇ ಇಲ್ಲ.

ದವಾಖಾನೆಯಿಂದ ಮಾತ್ರೆಗಳು ಬಂದವು. ಮರುದಿನ ಮಾಸ್ತರರು ಒಬ್ಬರೇ ಉಣ್ಣಲಿಲ್ಲ. ತಾವೇ ಎರಡು ತಟ್ಟೆ ಇಟ್ಟು ಕಾದರು. ನೀಲವ್ವ ರೂಢಿಯಂತೆ ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ನನ್ನನ್ನು ಎತ್ತಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ನಮ್ಮ ಕಡೆ ಕೆಳಗಿಟ್ಟೇ ಕೊಡುತ್ತಾರೆ. ಮಾಸ್ತರರು ಅವಳ ಕೈಯಿಂದಲೇ ನನ್ನನ್ನು ಕಿತ್ತುಕೊಂಡರು. ಜಗಳವೂ ಆಯಿತು.

ಈಗ ನಾನು ಅಟ್ಟದಲ್ಲಿದ್ದೇನೆ. ಅಂಚು ಒಡೆದಿದೆ, ಹೊಟ್ಟೆ ಖಾಲಿ. ಆದರೂ ಸಮಾಧಾನವಿಲ್ಲ. ಅವಳು ಮಾತ್ರೆ ನುಂಗಿದಳೋ ಇಲ್ಲವೋ ಎಂದು ದಿನವೂ ಕೆಳಗೆ ಕಿವಿಯಿಡುತ್ತೇನೆ. ದೀರ್ಘಾಯುಸ್ಸಿನ ವಿಷಯ ನನಗೇನು ಗೊತ್ತು? ಎದುರಿಗೆ ಕೂತು ಉಣ್ಣುವವರೊಬ್ಬರು ಮೊದಲೇ ಇದ್ದಿದ್ದರೆ ಎಂದು ಮಾತ್ರ ಸಿಟ್ಟು ಬರುತ್ತದೆ.

ಜಗಳವಾದ ಅಂದಿನ ಊಟ ನನಗೆ ಚೆನ್ನಾಗಿ ನೆನಪಿದೆ. "ಎದ್ದ ಹೋಗ್ರಿ, ನೀವ ನೋಡಕೋತ ಕುಂತ್ರ ನನಗ ತುತ್ತ ಇಳಿಯೂದಿಲ್ಲ" ಎಂದು ನೀಲವ್ವ ಮುಖ ತಿರುಗಿಸಿದಳು. ಮಾಸ್ತರರು ಏಳಲಿಲ್ಲ.

"ಒಂದ ಕಡೆನ ಯಾಕ ಅಗೀತಿ?" ಎಂದು ಕೇಳಿದರು.

"ಈ ಕಡೆ ಹಲ್ಲಿಲ್ಲಲ್ರಿ."

"ಯಾವಾಗ ಬಿದ್ದಾವು?"

ಅವಳು ತುತ್ತು ನುಂಗಿ ನೆನಪಿಸಿಕೊಂಡಳು.

"ನೀವಿನ್ನೂ ಸಾಲಿ ನೌಕರಿಗೆ ಹೋಗತಿದ್ರಿ."