ಮುಟ್ಟಿದ ಕಾಯಿ

ಕೈ ತಗುಲಿದ ಮೇಲೆಯೇ ಲೋರ್ನಾಳಿಗೆ ಗೊತ್ತಾದದ್ದು, ತಾನು ಮುಟ್ಟಿದ್ದು ರಾಜನ ಮುಂದಿನ ಕಾಲಾಳನ್ನು ಎಂದು. ಮುಟ್ಟಬೇಕಾಗಿದ್ದದ್ದು ರಾಣಿಯ ಮುಂದಿನದನ್ನು. ಮೂರು ವಾರದಿಂದ, ತಾನು ಓಡಿಸುವ ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಸಿಗುವ ಹನ್ನೆರಡು ನಿಮಿಷದ ಬಿಡುವಿನಲ್ಲಿ, ಸ್ಟಿಯರಿಂಗಿಗೆ ಪುಸ್ತಕ ಒರಗಿಸಿಕೊಂಡು ಅವಳು ಉರುಹೊಡೆದದ್ದೆಲ್ಲ ರಾಣಿಯ ಕಾಲಾಳಿನಿಂದ ಶುರುವಾಗುವ ಓಪನಿಂಗು. ಯಾರ ತಂಟೆಗೂ ಹೋಗದೆ ಬೇಲಿ ಕಟ್ಟಿಕೊಂಡು ಕೂರುವ ಆಟ. ಆದರೆ ಕೈಗೆ ಇಪ್ಪತ್ತಾರು ವರ್ಷದ ಅಭ್ಯಾಸ. ತಲೆಯ ಮಾತು ಕೇಳದೆ ಅದು ಹಳೆಯ ಜಾಗಕ್ಕೇ ಹೋಯಿತು.

ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಚದುರಂಗದ ಕ್ಲಬ್ಬು ಸೇರುವ ಚರ್ಚಿನ ನೆಲಮಾಳಿಗೆಯ ಗೋಡೆಯ ಮೇಲೆ, ಹಿಮದ ಬೂಟುಗಳನ್ನು ಹೊರಗೇ ಬಿಡಿ ಎಂಬ ಸೂಚನೆಯ ಕೆಳಗೆ, ಅದನ್ನೂ ಬರೆದು ಅಂಟಿಸಿದ್ದರು.

"ನಾನು ಪೆನ್ನು ಹುಡುಕ್ತಾ ಇದ್ದೆ. ಏನೂ ನೋಡ್ಲಿಲ್ಲ," ಎಂದರು ಎದುರು ಕೂತ ಆರ್ವಿಡ್.

"ನೋಡಿದ್ರಿ."

"ಎಂಬತ್ತೊಂದು ವರ್ಷದ ಕಣ್ಣು ಇದು. ಇದರ ಸಾಕ್ಷಿ ಯಾವ ಕೋರ್ಟಲ್ಲೂ ನಡೆಯಲ್ಲ."

ಪೆನ್ನು ಅವರ ಕೈಯಲ್ಲೇ ಇತ್ತು. ಲೋರ್ನಾಳಿಗೆ ನಗು ಬಂತು, ಹಿಂದೆಯೇ ಮುಖ ಬಿಸಿಯಾಯಿತು. ಇಷ್ಟೂ ಜನರಲ್ಲಿ ಇವತ್ತು ಆರ್ವಿಡ್ ಸೊರ್ವಾರಿಯೇ ಜೋಡಿಯಾಗಬೇಕಿತ್ತೆ? ಈ ಕಾಲಾಳನ್ನು ಎರಡು ಮನೆ ಮುಂದಿಡಲು ಅವಳಿಗೆ ಕಲಿಸಿದವರೇ ಅವರು. ಗಂಡ ಬಿಟ್ಟುಹೋದ ಚಳಿಗಾಲದಲ್ಲಿ, ಶನಿವಾರ ಮಧ್ಯಾಹ್ನ ಮನೆಯಲ್ಲಿ ಕೂರಲಾಗದೆ, ಹೊರಗಿನ ಬೋರ್ಡು ನೋಡಿ ಅವಳು ಈ ಮೆಟ್ಟಿಲು ಇಳಿದಿದ್ದಳು. ಕುದುರೆ ಹೇಗೆ ನಡೆಯುತ್ತದೆ ಎಂಬುದಷ್ಟೇ ಗೊತ್ತಿತ್ತು. ಆಗಿನ್ನೂ ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಕೆಲಸದಲ್ಲಿದ್ದ ಆರ್ವಿಡ್ ಎದುರಿಗೆ ಕೂರಿಸಿಕೊಂಡು, ಎರಡನೆಯ ನಡೆಯಲ್ಲೇ ಒಂದು ಕಾಲಾಳನ್ನು ಬಿಟ್ಟಿ ಕೊಟ್ಟುಬಿಡುವ ರಾಜನ ಗ್ಯಾಂಬಿಟ್ ಹೇಳಿಕೊಟ್ಟಿದ್ದರು. ಅಂದಿನಿಂದ ಅದೇ ಅವಳ ಆಟ. ಅದರಲ್ಲೇ ಒಮ್ಮೆ ಸತತ ಹದಿಮೂರು ಆಟ ಗೆದ್ದು ಊರೆಲ್ಲ ಹೇಳಿಕೊಂಡು ತಿರುಗಿದ್ದಳು. ಆರ್ವಿಡ್‌ರನ್ನು ಮಾತ್ರ ಒಮ್ಮೆಯೂ ಸೋಲಿಸಿರಲಿಲ್ಲ.

ಈ ಜನವರಿಯಲ್ಲಿ ಎಲ್ಲ ತಿರುಗುಮುರುಗಾಯಿತು. ಒಂದು ಸೋಲು, ಎರಡು, ಮೂರು. ಮೂರನೆಯ ಸೋಲಿನ ದಿನ ಕಾಫಿ ಪಾತ್ರೆಯ ಹತ್ತಿರ ನಿಂತು, "ಆರ್ವಿಡ್‌ರ ಈ ಹಳೇ ಓಪನಿಂಗ್ ಕಟ್ಕೊಂಡು ನಾನು ಹಾಳಾದೆ," ಎಂದು ಗಟ್ಟಿಯಾಗಿಯೇ ಅಂದಿದ್ದಳು. ತಿರುಗಿ ನೋಡಿದರೆ ಆರ್ವಿಡ್ ಹೊರಡಲೆಂದು ಬಾಗಿಲಲ್ಲಿ ಕೋಟು ತೊಡುತ್ತಿದ್ದರು. ನವೆಂಬರಿನಲ್ಲಿ ಲಕ್ವ ಹೊಡೆದು, ಆಸ್ಪತ್ರೆಯಿಂದ ಬಂದು ಇನ್ನೂ ಏಳನೇ ವಾರ ಅದು. ಅವರಿಗೆ ಕೇಳಿಸಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆಮೇಲೆ ಅವಳು ಓಪನಿಂಗ್ ಬದಲಿಸಿದಳು. ಸೋತಳು. ಇನ್ನೊಂದು ಹಿಡಿದಳು, ಅದರಲ್ಲೂ ಸೋತಳು. "ಏನ್ ಲೋರ್ನಾ, ಈ ವಾರ ಯಾವ ಕೋಟು?" ಎಂದು, ಅವಳು ಬದಲಿಸುವ ಓಪನಿಂಗನ್ನು ಕೋಟೆಂದು ಕರೆದು, ಕ್ಲಬ್ಬಿನ ಲೆಕ್ಕ ನೋಡಿಕೊಳ್ಳುವ ಹಾರ್ಲನ್ ಪ್ರತಿ ಶನಿವಾರ ಕಾಲೆಳೆಯುತ್ತಿದ್ದ. ಹೋದ ವಾರಕ್ಕೆ ಹತ್ತು ಸೋಲು. ನಡುವೆ ಒಂದು ಡ್ರಾ ಕೂಡ ಇಲ್ಲ. ಈ ನೆಲಮಾಳಿಗೆಯ ಬಾಗಿಲು ತೆಗೆಯುವ ಕೆಲಸ ಹನ್ನೊಂದು ವರ್ಷದಿಂದ ಅವಳದು. ಇವತ್ತು ಆ ಕೀಯನ್ನು ಗೊಂಚಲಿನಿಂದ ಬಿಡಿಸಿ ತಂದು ಮೇಜಿನ ಮೇಲೆ, ನಡೆ ಬರೆಯುವ ಹಾಳೆಯ ಪಕ್ಕದಲ್ಲೇ ಇಟ್ಟಿದ್ದಳು. ಇದೂ ಸೋತರೆ ಕೀಯನ್ನು ಹಾರ್ಲನ್ ಕೈಗಿಟ್ಟು ಮೆಟ್ಟಿಲು ಹತ್ತುವುದು, ಮತ್ತೆ ಇಳಿಯದಿರುವುದು. ಹಾಗೆಂದು ತೀರ್ಮಾನಿಸಿಯೇ ಬಂದಿದ್ದಳು.

ಕಾಲಾಳನ್ನು ಒಂದೇ ಮನೆ ಸರಿಸಿದ್ದರೆ ಹೇಗೋ ಹೊಸ ಆಟದ ದಾರಿಗೆ ಬೀಳಬಹುದಿತ್ತು. ಅವಳು ಎರಡು ಮನೆ ಇಟ್ಟಳು. ಆರ್ವಿಡ್ ತಮ್ಮದನ್ನೂ ಎರಡು ಮನೆ ಮುಂದಿಟ್ಟರು. ಆಗ ಅವಳು ಪಕ್ಕದ ಕಾಲಾಳನ್ನು ಅವರ ಬಾಯಿಗೇ ದೂಡಿದಳು. ಆರ್ವಿಡ್ ಅದನ್ನು ಒಂದು ಕ್ಷಣ ನೋಡಿ, ಬಲಗೈಯಿಂದ ಎತ್ತಿ ತಿಂದರು.

ಒಂದು ಗಂಟೆ ಹೇಗೆ ಹೋಯಿತೋ ಗೊತ್ತಾಗಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಪುಸ್ತಕದಲ್ಲಿ ಮುಂದೇನಿತ್ತು ಎಂದು ನೆನಪಿಸಿಕೊಳ್ಳದೆ ಅವಳು ಆಡಿದ್ದಳು. ಅವಳ ಒಂಟೆಗಳು ಆರ್ವಿಡ್‌ರ ರಾಜನನ್ನೇ ನೋಡುತ್ತಿದ್ದವು. ಅವರು ಯೋಚನೆಗೆ ಬಿದ್ದಾಗ ಬೆನ್ನು ನೆಟ್ಟಗೆ ಮಾಡಲೆಂದು ಅವಳು ಎದ್ದು ಗೋಡೆಯ ಮೇಲಿನ ಸೋಲು-ಗೆಲುವಿನ ಪಟ್ಟಿಯ ಹತ್ತಿರ ಹೋದಳು. ತನ್ನ ಸಾಲಿನ ಹತ್ತು ಸೊನ್ನೆಗಳು ಅವಳಿಗೆ ಬಾಯಿಪಾಠ. ಇವತ್ತು ಸುಮ್ಮನೆ ಆರ್ವಿಡ್‌ರ ಸಾಲಿನ ಮೇಲೆ ಕಣ್ಣಾಡಿಸಿದಳು.

ಸೊನ್ನೆ, ಸೊನ್ನೆ, ಸೊನ್ನೆ. ಎಣಿಸಿದಳು. ಹದಿನಾಲ್ಕು.

ಪ್ರತಿ ಶನಿವಾರ ಹನ್ನೆರಡೂವರೆಗೆ ಅವಳು ಬಾಗಿಲು ತೆಗೆಯಲು ಬರುವಾಗ, ಹಿಮವಿರಲಿ ಗಾಳಿಯಿರಲಿ, ಮೆಟ್ಟಿಲ ಮೇಲೆ ಕಾದು ನಿಂತಿರುತ್ತಿದ್ದವರು ಆರ್ವಿಡ್. ಹದಿನಾಲ್ಕು ವಾರವೂ ನಿಂತಿದ್ದರು. ತನ್ನ ಸೊನ್ನೆ ಎಣಿಸುವುದರಲ್ಲಿ ಮುಳುಗಿದ್ದ ಅವಳು, ಹೇಗಾಯಿತು ಆಟ ಎಂದು ಅವರನ್ನು ಒಂದು ದಿನವೂ ಕೇಳಿರಲಿಲ್ಲ. ಲೋರ್ನಾಳಿಗೆ ತನ್ನ ಮೇಲೇ ಅಸಹ್ಯವಾಯಿತು.

ತಿರುಗಿ ಬಂದು ಕೂತಾಗ ಆರ್ವಿಡ್ ಕುದುರೆ ನಡೆಸಿಯಾಗಿತ್ತು, ಹಾಳೆಯಲ್ಲಿ ಬರೆದೂ ಆಗಿತ್ತು. ಆದರೆ ಜೋಡಿ ಗಡಿಯಾರದಲ್ಲಿ ಇನ್ನೂ ಓಡುತ್ತಿದ್ದದ್ದು ಅವರ ಕಡೆಯದೇ. ನಡೆಯಾದ ಮೇಲೆ ತಮ್ಮ ಸಮಯ ನಿಲ್ಲಿಸುವ ಗುಂಡಿ ಒತ್ತಲು ಮರೆತಿದ್ದರು. ಮುಳ್ಳು ಮೇಲಕ್ಕೆ ಮುಟ್ಟಲು ಹದಿನೈದು ನಿಮಿಷವೂ ಇರಲಿಲ್ಲ. ಮುಟ್ಟಿತೆಂದರೆ ಸಮಯ ಮುಗಿದು ಅವರು ಸೋತಂತೆ. ನೆನಪಿಸಬೇಕೆಂಬ ನಿಯಮವಿಲ್ಲ. ಸುಮ್ಮನೆ ಕೂತು ಬೋರ್ಡು ನೋಡುತ್ತಿದ್ದರೂ ಸಾಕಿತ್ತು.

ಅವಳು ಬೋರ್ಡನ್ನೇ ನೋಡುತ್ತ ಕೂತಳು. ಒಂದು ನಿಮಿಷ ಹೋಯಿತು, ಎರಡಾಯಿತು. ಅವಳೇ ಯೋಚಿಸುತ್ತಿದ್ದಾಳೆಂದುಕೊಂಡು ಆರ್ವಿಡ್ ನೆಮ್ಮದಿಯಾಗಿದ್ದರು. ಅವರು ಎಡಚರು. ಇಷ್ಟೂ ವರ್ಷ ಕಾಯಿ ನಡೆಸಿ ಗುಂಡಿ ಒತ್ತುತ್ತಿದ್ದ ಎಡಗೈ ಈಗ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಲಗೈ ಕಾಯಿ ನಡೆಸುವುದನ್ನು ಕಲಿತಿತ್ತು, ಗಡಿಯಾರದ ಕಡೆ ಹೋಗುವುದು ಅದಕ್ಕಿನ್ನೂ ರೂಢಿಯಾಗಿರಲಿಲ್ಲ. ಆ ಹದಿನಾಲ್ಕರಲ್ಲಿ ಎಷ್ಟು ಸೋಲು ಹೀಗೆ ಆದವೋ. ಯಾರು ಯಾರು ಹೀಗೆ ಸುಮ್ಮನೆ ಕೂತಿದ್ದರೋ. ಮೇಜಿನ ಮೇಲೆ ಕೀ ಇತ್ತು.

"ಆರ್ವಿಡ್," ಎಂದಳು, "ಗಡಿಯಾರ."

ಅವರು ನೋಡಿದರು. ಬಲಗೈ ನಿಧಾನವಾಗಿ ಹೋಗಿ ಗುಂಡಿ ಒತ್ತಿತು. "ಮತ್ತೆ ಮಾಡ್ದೆನಾ. ನೀನು ಹೇಳ್ಬೇಕಾಗಿರ್ಲಿಲ್ಲ."

"ಬೇಗನೇ ಹೇಳ್ಬೇಕಾಗಿತ್ತು. ನಾನೂ ಪೆನ್ನು ಹುಡುಕ್ತಾ ಇದ್ದೆ."

ಆರ್ವಿಡ್ ಹುಬ್ಬೆತ್ತಿ ಅವಳ ಬೆರಳ ಸಂದಿಯಲ್ಲಿದ್ದ ಪೆನ್ನನ್ನು ನೋಡಿದರು.

ಉಳಿದ ಹನ್ನೆರಡು ನಿಮಿಷದಲ್ಲಿ ಆರ್ವಿಡ್ ಹಳೆಯ ಆರ್ವಿಡ್ ಆದರು. ಮೊದಲಿಗೆ ತಿಂದಿದ್ದ ಕಾಲಾಳಿಗೆ ಬದಲಾಗಿ ತಮ್ಮದೊಂದನ್ನು ತಾವಾಗಿಯೇ ಬಿಟ್ಟುಕೊಟ್ಟರು. ಅವಳು ಅದನ್ನು ತಿನ್ನುವುದರೊಳಗೆ ಅವರ ಆನೆಗೆ ದಾರಿ ಬಿಚ್ಚಿಕೊಂಡಿತು. ಆರು ನಡೆ ಕಳೆಯುವಷ್ಟರಲ್ಲಿ ಅವಳ ರಾಜನಿಗೆ ನಿಲ್ಲಲು ಜಾಗವಿರಲಿಲ್ಲ. ಪ್ರತಿ ನಡೆಯ ನಂತರ ಅವರ ಬಲಗೈ ತಡೆದು, ನೆನಪಿಸಿಕೊಂಡು, ಗುಂಡಿಯ ಕಡೆ ಹೋಗುತ್ತಿತ್ತು. ಲೋರ್ನಾ ಸೋಲೊಪ್ಪಿ ಕೈ ಚಾಚಿದಳು. ಅವರು ಕುಲುಕಿದರು.

ಹನ್ನೊಂದು. ಸೋತಾಗಿನ ಎಂದಿನ ಕಹಿ ಬರುವುದನ್ನೇ ಕಾದು ಕೂತಳು. ಬರಲಿಲ್ಲ. ಎಷ್ಟು ಚೆನ್ನಾದ ಆಟ ಇದು, ಇದನ್ನು ನನ್ನೆದುರು ಕೂತು ಆಡಿದರಲ್ಲ ಎನ್ನಿಸಿತು.

"ಜನವರೀಲಿ ನಾನಂದಿದ್ದು ನಿಮಗೆ ಕೇಳಿಸ್ತು, ಅಲ್ವಾ?"

"ಹೂಂ. ಕೈ ಹೋಗಿದೆ, ಕಿವಿ ಹೋಗಿಲ್ಲ."

"ಅನ್ನಬಾರದಿತ್ತು, ಆರ್ವಿಡ್. ಆ ಆಟ ಇಲ್ದೆ ಹೋಗಿದ್ರೆ ಆ ಚಳಿಗಾಲ ನಾನು ಏನಾಗ್ತಿದ್ನೋ ಗೊತ್ತಿಲ್ಲ. ಒಂದು ದಿನವೂ ನಿಮಗೆ ಹೇಳ್ಲಿಲ್ಲ ಅದನ್ನ."

"ನೀನು ತಪ್ಪನ್ನ ಓಪನಿಂಗ್ ಮೇಲೆ ಹಾಕ್ದೆ, ನಾನು ಎಡಗೈ ಮೇಲೆ ಹಾಕ್ದೆ. ಸೋತಾಗ ಯಾವ್ದಾದ್ರೂ ಒಂದು ಬೇಕಲ್ಲ ಬೈಯೋಕೆ." ಅವರು ಒಂದೊಂದೇ ಕಾಯಿಯನ್ನು ಮೊದಲಿನ ಮನೆಗೆ ಇಡತೊಡಗಿದರು.

"ಹದಿನಾಲ್ಕು ಸಲ ಸೋತು ಹೆಂಗೆ ಬರ್ತೀರಿ ಮತ್ತೆ?"

"ಆಸ್ಪತ್ರೇಲಿ ಆ ಹುಡುಗಿ ಡಾಕ್ಟ್ರು ಕೇಳಿದ್ಲು, ಏನು ವಾಪಸ್ ಬೇಕು ನಿಮಗೆ ಅಂತ. ನನ್ನ ಶನಿವಾರ ಬೇಕು ಅಂದೆ. ಜೊತೆಗೆ ಗೆಲುವೂ ಬೇಕು ಅಂತ ಹೇಳೋದು ಮರ್ತುಬಿಟ್ಟೆ." ರಾಜನನ್ನು ಅದರ ಮನೆಯಲ್ಲಿ ನೆಟ್ಟಗೆ ನಿಲ್ಲಿಸಿದರು. "ನೀನು ಬಾಗಿಲು ತೆಗೀತೀಯ, ನಾನು ಬರ್ತೀನಿ. ಇನ್ನೇನಿದೆ ಅದರಲ್ಲಿ."

ಆಮೇಲೆ ಅವರು ಮೇಜು ಹಿಡಿದು ಎದ್ದರು. ಗೆದ್ದವರು ಗೋಡೆಯ ಪಟ್ಟಿಯಲ್ಲಿ ಬರೆದು, ಸೋತವರಿಗೆ ಕಾಫಿ ತಂದುಕೊಡುವುದು ಆ ಕ್ಲಬ್ಬಿನ ಪದ್ಧತಿ. ಪಟ್ಟಿಯ ಮುಂದೆ ಅವರು ತುಸು ಹೊತ್ತು ನಿಂತರು. ಹದಿನಾಲ್ಕು ಸೊನ್ನೆಗಳ ಪಕ್ಕದಲ್ಲಿ ಬಲಗೈಯಿಂದ ಬರೆದ ಗೆಲುವಿನ ‘೧’ ತುಸು ವಾಲಿತ್ತು. ಹಾರ್ಲನ್ ಆಟ ಬಿಟ್ಟು ತಲೆಯೆತ್ತಿ ನೋಡಿದ. ಯಾವ ಕೋಟು ಎಂದು ಕೇಳಲಿಲ್ಲ.

ಆರ್ವಿಡ್ ಕಾಫಿ ಪಾತ್ರೆಯ ನಲ್ಲಿ ತಿರುಗಿಸಿದರು. ಲೋರ್ನಾಳಿಗೆ ಎದ್ದು ಹೋಗಿ ಕಪ್ಪು ಹಿಡಿಯಬೇಕೆನ್ನಿಸಿತು. ಕುರ್ಚಿಯ ಅಂಚು ಹಿಡಿದುಕೊಂಡು ಕೂತಳು. ಕಪ್ಪೂ ತಟ್ಟೆಯೂ ಟಣಟಣ ಎನ್ನುತ್ತ ಮೇಜುಗಳ ನಡುವೆ ಬಂದವು. ಅರ್ಧ ಕಾಫಿ ತಟ್ಟೆಯಲ್ಲಿತ್ತು.

"ಒಂದು ಸಕ್ಕರೆ, ಹಾಲು ಜಾಸ್ತಿ," ಎಂದರು ಆರ್ವಿಡ್. ಕೇಳಿದ್ದಲ್ಲ, ಹೇಳಿದ್ದು. ತಟ್ಟೆ ಹಿಡಿದು ನಿಂತೇ ಇದ್ದರು. "ಆ ಕೀ ಸ್ವಲ್ಪ ತೆಗಿ. ಕಪ್ ಇಡೋಕೆ ಜಾಗ ಇಲ್ಲ."

ಲೋರ್ನಾ ಕೀ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡಳು.