ಹೊಲಿಗೆಗೆ ಬಿಟ್ಟ ಅರ್ಧ ಇಂಚು

ಮೂರನೆಯ ಸಲವೂ ಹೊಗೆ ಹಿಂದಕ್ಕೇ ನುಗ್ಗಿದಾಗ ಮಗಳು ಒಲೆಯ ಗಾಜಿನ ಬಾಗಿಲನ್ನು ದಡಕ್ಕನೆ ಮುಚ್ಚಿದಳು. ತಿರುಗಿ ನೋಡಲಿಲ್ಲ. ನೋಡಿದರೆ ಹಿಂದೆ ಕೂತಿದ್ದ ಸೋದರಮಾವನ ಮುಖ ಕಾಣಬೇಕಾಗುತ್ತಿತ್ತು.

ಅಮ್ಮನನ್ನು ಮಣ್ಣು ಮಾಡಿ ಬಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಹೊರಗೆ ಮೂಳೆ ಕೊರೆಯುವ ಚಳಿ. ಮುಂದಿನ ಕೋಣೆಯಲ್ಲಿ ಇಪ್ಪತ್ತು ಜನ ಕೋಟಿನ ಗುಂಡಿ ಕೂಡ ಬಿಚ್ಚದೆ, ಕೈ ಕಂಕುಳಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಆಗಲೇ ಒಂದಿಬ್ಬರು ಬಾಗಿಲ ಕಡೆ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಅಮ್ಮ ಕೇಳಿಕೊಂಡಿದ್ದು ಒಂದೇ. "ನಿಮ್ಮಪ್ಪನ ಮಣ್ಣಿನ ದಿನ ಎಲ್ಲರೂ ಎದ್ದು ಹೋದ ಹಾಗೆ ನನ್ನ ದಿನ ಯಾರೂ ಎದ್ದು ಹೋಗಬಾರದು. ಒಲೆ ಹಚ್ಚು." ಆದರೆ ಬದುಕಿರುವವರೆಗೆ ಆ ಒಲೆಯನ್ನು ಯಾರಿಗೂ ಮುಟ್ಟಗೊಟ್ಟವಳಲ್ಲ ಅವಳು. ಹೊಟ್ಟೆಪಾಡಿನ ಹೊಲಿಗೆ ಯಂತ್ರವನ್ನಾದರೂ ಕೊಟ್ಟಾಳು, ಒಲೆಯನ್ನು ಕೊಡಳು.

"ಬಿಡಮ್ಮ," ಎಂದ ಮಾವ. ನಲವತ್ತು ವರ್ಷ ಗೋಡೆ ಕಟ್ಟಿದ ಮೇಸ್ತ್ರಿ ಅವನು. "ಇಟ್ಟಿಗೆ ಕೆತ್ತಿದ್ರೆ ಚಿಮಣಿ ಹೊಗೆ ಎಳೆಯಲ್ಲ ಅಂತ ನಿಮ್ಮಮ್ಮಂಗೆ ಅವತ್ತೇ ಹೇಳಿದ್ದೆ."

"ಅದಾದ ಮೇಲೆ ನಾಲ್ಕು ಚಳಿಗಾಲ ಈ ಒಲೆ ಉರೀತಲ್ಲ ಮಾವ."

"ನಾನು ನೋಡಿಲ್ಲ."

ಅದೇನೋ ನಿಜ. ಮಾತಿಗೆ ಮಾತು ಬೆಳೆದ ಮೇಲೆ ಅವನು ಚಳಿಗಾಲದಲ್ಲಿ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಬೇಸಿಗೆಯಲ್ಲಿ ಬರುತ್ತಿದ್ದ. ಬಂದರೂ ಒಲೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

*

ಅಪ್ಪ ಹೋದ ದಿನ ಆ ಗೋಡೆಯಲ್ಲಿ ಇದ್ದದ್ದು ಬಾಯಿ ತೆರೆದ ಹಳೆಯ ಅಗ್ಗಿಷ್ಟಿಕೆ. ಎಷ್ಟು ಸೌದೆ ಒಟ್ಟಿದರೂ ಕಾವೆಲ್ಲ ಚಿಮಣಿಗೆ, ಹೊಗೆಯೆಲ್ಲ ಮನೆಗೆ. ಬಂದವರು ಕೆಮ್ಮುತ್ತ, ನಡುಗುತ್ತ ಒಂದು ಲೋಟ ಟೀ ಕುಡಿದು ಕಾಲು ಗಂಟೆಯಲ್ಲಿ ಜಾಗ ಖಾಲಿ ಮಾಡಿದರು. ಗಂಡ ಹೋದ ದುಃಖವನ್ನು ಅಮ್ಮ ಹೇಗೋ ನುಂಗಿಕೊಂಡಳು. ಅವನ ಬಗ್ಗೆ ಯಾರೂ ನಾಲ್ಕು ಮಾತಾಡದೆ ಹೊರಟುಬಿಟ್ಟರಲ್ಲ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ.

ಮರುವಾರವೇ ಕೊರಳಿನ ಟೇಪು ತೆಗೆದು ಅಗ್ಗಿಷ್ಟಿಕೆಯ ಅಳತೆ ತೆಗೆದಳು. ಅಂಗಿಗೆ ಕತ್ತರಿಸುವ ಹಾಗೆ ಕಂದು ಕಾಗದ ಕತ್ತರಿಸಿ, ಈ ಅಳತೆಗೆ ಒಳಗೆ ಕೂರುವಂಥ ಕಬ್ಬಿಣದ ಒಲೆ ಬೇಕೆಂದು ವೆಲ್ಡಿಂಗಿನವನಿಗೆ ಕೊಟ್ಟಳು. ಒಲೆ ಬಂತು, ಒಳಗೆ ಹೋಗಲಿಲ್ಲ. ಎರಡೂ ಪಕ್ಕ ಅರ್ಧರ್ಧ ಇಂಚು ಜಾಸ್ತಿ. ನಲವತ್ತು ವರ್ಷದ ಅಭ್ಯಾಸ; ಕತ್ತರಿ ಹಿಡಿದ ಕೈ ಅಮ್ಮನನ್ನು ಕೇಳದೆಯೇ ಹೊಲಿಗೆಗೆಂದು ಅಂಚು ಬಿಟ್ಟಿತ್ತು.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಇಟ್ಟಿಗೆಗೂ ಹೊಲಿಗೆ ಹಾಕ್ತೀಯೇನೇ? ವಾಪಸ್ ಕಳಿಸು, ಕತ್ತರಿಸಿ ಕೊಡ್ತಾನೆ."

"ಅಂಗಿ ಬಿಗಿಯಾದ್ರೆ ಮೈ ಕೆತ್ತೋಕಾಗಲ್ಲ ಅಣ್ಣ," ಎಂದಳು ಅಮ್ಮ. "ಗೋಡೆನ ಕೆತ್ತಬಹುದಲ್ಲ." ಕೆತ್ತಿದರೆ ಚಿಮಣಿ ಹೊಗೆ ಎಳೆಯುವುದಿಲ್ಲವೆಂದು ಜಗಳವಾಡಿ ಮಾವ ಎದ್ದು ಹೋದ.

ಅರವತ್ತೆರಡರ ವಯಸ್ಸಿನಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಆರು ದಿನ ಉಳಿ ಸುತ್ತಿಗೆ ಹಿಡಿದು ಕೂತಳು. ಏಳನೆಯ ದಿನ ಮಾಡು ಹತ್ತಿ ಚಿಮಣಿಯೊಳಗೆ ಉಕ್ಕಿನ ಕೊಳವೆ ಇಳಿಸಿದಳು. ಪಕ್ಕದ ಮನೆಯ ಬೇಕರಿಯಕ್ಕ ಕೆಳಗಿನಿಂದ ಹಗ್ಗ ಎಳೆದಳು.

*

ಈಗಲೂ ಎದ್ದು ಬಂದವಳು ಆ ಬೇಕರಿಯಕ್ಕನೇ. "ಹಾಗೆ ಹಚ್ಚಿದ್ರೆ ಹತ್ತುತ್ತೇನಮ್ಮ? ಎರಡು ವಾರದಿಂದ ಕೊಳವೆ ತಣ್ಣಗಿದೆ, ಒಳಗೆ ಚಳಿಗಾಳಿ ಠಿಕಾಣಿ ಹೂಡಿದೆ. ನಿಮ್ಮಮ್ಮ ಮೊದಲು ಕೊಳವೆ ಬಾಯಲ್ಲಿ ಒಂದು ಕಾಗದ ಉರಿಸಿ ಅದನ್ನ ಓಡಿಸ್ತಿದ್ರು."

ಕಾಗದವೆಂದು ಕೈಗೆ ಸಿಕ್ಕಿದ್ದು ಗೋಡೆಯ ಮೊಳೆಗೆ ಚುಚ್ಚಿಟ್ಟಿದ್ದ ಅಳತೆಯ ಹಾಳೆಗಳು. ಮೇಲಿನದರಲ್ಲಿ ಅಮ್ಮನ ಅಕ್ಷರ: ಅಣ್ಣನ ಕೋಟು, ಸೊಂಟ ಮೂವತ್ನಾಲ್ಕು. ಮಗಳ ಕೈ ತಡೆಯಿತು.

ಮಾವ ಹಾಳೆಯನ್ನು ನೋಡಿದ, ತನ್ನ ಹೊಟ್ಟೆಯನ್ನೂ ನೋಡಿಕೊಂಡ. "ಸುಡು. ಅದಿನ್ನು ಯಾವ ಜನ್ಮಕ್ಕೆ?"

ಮಗಳು ಕಾಗದಕ್ಕೆ ಕಡ್ಡಿ ಗೀರಿ ಕೊಳವೆಯ ಬಾಯಿಗೆ ಹಿಡಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೇಲೆಲ್ಲೋ ಭರ್ರೆಂದು ಸದ್ದಾಯಿತು. ಉರಿ ಅವಳ ಬೆರಳಿನಿಂದ ಕಿತ್ತುಕೊಂಡಂತೆ ಮೇಲಕ್ಕೆ ಹೋಯಿತು, ಕೋಣೆಗೆ ಬಂದಿದ್ದ ಹೊಗೆಯೂ ಬಾಲ ಮುದುರಿಕೊಂಡು ಅದರ ಹಿಂದೆಯೇ ಹೋಯಿತು. ಸೌದೆ ಚಟಪಟ ಹತ್ತಿಕೊಂಡಿತು. ಗೆದ್ದಳು, ಅಮ್ಮ ಗೆದ್ದಳು ಎಂದು ಅವಳ ಎದೆ ಉಬ್ಬಿತು, ಬೆಳಗಿನಿಂದ ಬಾರದ ಅಳು ನಗುವಿನ ಜೊತೆಗೇ ಬಂತು.

ಮಾವ ಮಂಡಿಯೂರಿ ಕೂತು, ಕಬ್ಬಿಣಕ್ಕೂ ಇಟ್ಟಿಗೆಗೂ ನಡುವಿನ ಸಂದಿಯ ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತ ಹೋದ. ಎಲ್ಲೂ ಉಗುರು ಒಳಗಿಳಿಯಲಿಲ್ಲ.

"ನೂಲು ಹಿಡಿದ ಹಾಗೆ ಕೆತ್ತಿದ್ದಾಳಲ್ಲೇ," ಎಂದ. ಆಮೇಲೆ ಎಲ್ಲರಿಗೂ ಕೇಳುವಂತೆ, "ಇಷ್ಟು ಸಾಫಾಗಿ ನನ್ನ ಕೈಲಿ ಆಗ್ತಿರಲಿಲ್ಲ. ನಾನೇ ತಪ್ಪು ಹೇಳಿದ್ದೆ," ಎಂದ.

ಬಾಗಿಲ ಕಡೆ ನೋಡುತ್ತಿದ್ದವರು ಕುರ್ಚಿ ಮುಂದಕ್ಕೆಳೆದುಕೊಂಡರು. ಒಬ್ಬರು ಶುರು ಮಾಡಿದ್ದೇ ತಡ, ಕತೆಯ ಮೇಲೆ ಕತೆ. ಕೆಲಸದ ಸಂದರ್ಶನಕ್ಕೆ ಹೊರಟವನನ್ನು ಬೀದಿಯಲ್ಲೇ ನಿಲ್ಲಿಸಿ ಪ್ಯಾಂಟಿನ ಅಂಚು ಹೊಲಿದು ಕಳಿಸಿದ್ದು. ಅಳತೆಗೆ ಬಂದವರ ಗುಟ್ಟು ಎಂದೂ ಬಾಯಿಬಿಡದಿದ್ದದ್ದು. ಅಮ್ಮನ ಸರದಿ ಮುಗಿದು ಅಪ್ಪನ ಮಾತೂ ಬಂತು. ಟೀ ಮೂರು ಸುತ್ತಾಯಿತು. ಮೂರು ಗಂಟೆ ಕಳೆದರೂ ಒಬ್ಬರೂ ಏಳಲಿಲ್ಲ.

"ಮಗು," ಎಂದ ಮಾವ, ಹಣೆ ಒರೆಸಿಕೊಳ್ಳುತ್ತ. "ಸೆಕೆ ತಡೆಯೋಕಾಗ್ತಿಲ್ಲ. ಆ ಕಿಟಕಿ ಒಂಚೂರು ತೆಗಿಯಮ್ಮ."

ಮಗಳು ಕಿಟಕಿಯ ಎರಡೂ ಬಾಗಿಲು ಹಾರುಹೊಡೆದಳು. ಬೀದಿಯಲ್ಲಿ ಕಿವಿಯವರೆಗೆ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದವನೊಬ್ಬ, ಒಳಗೆ ಕೋಟು ಬಿಚ್ಚಿಟ್ಟು, ಅಂಗಿಯ ತೋಳು ಮಡಚಿಕೊಂಡು ನಗುತ್ತಿರುವ ಇಪ್ಪತ್ತು ಜನರನ್ನು ಕಂಡು ಅಲ್ಲೇ ನಿಂತುಬಿಟ್ಟ.